ಹೊಲಿಗೆ ಡಾಕ್ಟರದು, ಮಾಯುವ ಕೆಲಸ ಮೈಯದು

(ಮುಂಬೈನ ಮಾಟುಂಗಾದಲ್ಲಿ ಕನ್ನಡಿಗರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ. ಕೊನೆಯಲ್ಲಿ ಬಂದ ಕೆಲವು ಪ್ರಶ್ನೆಗಳನ್ನೂ ಸೇರಿಸಿದೆ.)

ಎಲ್ಲರಿಗೂ ನಮಸ್ಕಾರ.

ಭುಜದಲ್ಲಿ ಹರಿದ ಟೆಂಡನ್ (ಸ್ನಾಯುವನ್ನು ಎಲುಬಿಗೆ ಕಟ್ಟುವ ಗಟ್ಟಿ ನಾರು) ಹೊಲಿಯುವ ನನ್ನಂಥವರಿಗೆ ಉತ್ತರ ಹೇಳಲು ತುಂಬ ಕಷ್ಟವಾಗುವ ಪ್ರಶ್ನೆ ಒಂದಿದೆ. "ಡಾಕ್ಟ್ರೇ, ಆಪರೇಷನ್ ಚೆನ್ನಾಗಿ ಆಯ್ತು ಅಂದ್ರಿ. ಕೈ ತೂಗುಹಾಕೋ ಬೆಲ್ಟ್ ಹಾಕ್ಕೊಂಡೆ, ವ್ಯಾಯಾಮ ಮಾಡ್ದೆ. ಈಗ ಎಂಆರ್‌ಐ ನೋಡಿ ಮತ್ತೆ ಹರಿದಿದೆ ಅಂತೀರಲ್ಲ, ಯಾಕೆ?" ಕೇಳುವವರ ಮುಖದಲ್ಲಿ ಸಿಟ್ಟಿಗಿಂತ ಬೇಸರವೇ ಜಾಸ್ತಿ ಇರುತ್ತದೆ. ಅವರಿಗೆ ಸರಿಯಾದ ಉತ್ತರ ಸಿಗಬೇಕು. ಇವತ್ತು ನಾನು ಮಾತಾಡುವುದು ಆ ಉತ್ತರದ ಬಗ್ಗೆ. ಜೊತೆಗೆ, ಹೀಗಾಗದಿರಲಿ ಅಂತ ಈಚೆಗೆ ಬಂದಿರುವ ಪಿಆರ್‌ಪಿ (ನಮ್ಮದೇ ರಕ್ತದಿಂದ ತೆಗೆದ, ಪ್ಲೇಟ್‌ಲೆಟ್ ಕಣಗಳು ದಟ್ಟವಾಗಿರುವ ಪ್ಲಾಸ್ಮಾ), ಸ್ಟೆಮ್ ಸೆಲ್ (ಬೇರೆ ಬೇರೆ ಅಂಗಾಂಶವಾಗಿ ಬೆಳೆಯಬಲ್ಲ ಮೂಲ ಕೋಶ), ಕೊಲಾಜೆನ್ ಪಟ್ಟಿ (ಟೆಂಡನ್‌ಗೆ ಗಟ್ಟಿತನ ಕೊಡುವ ಪ್ರೋಟೀನಿನ ತೇಪೆ) ಇವುಗಳ ಬಗ್ಗೆ.

ಮೊದಲು ಒಂದು ಕೆಲಸ ಮಾಡಿ. ಎಡಗೈಯನ್ನು ಬಲ ಹೆಗಲ ಮೇಲಿಡಿ. ಹೆಗಲಿನ ತುದಿಯಲ್ಲಿ ಚಪ್ಪಟೆಯಾದ ಗಟ್ಟಿ ಎಲುಬು ಕೈಗೆ ಸಿಗುತ್ತದೆ. ಅದರ ಅಂಚಿನಿಂದ ಒಂದು ಬೆರಳಷ್ಟು ಕೆಳಗೆ ಇಳಿಯಿರಿ. ಈಗ ಬಲ ತೋಳನ್ನು ನಿಧಾನವಾಗಿ ಒಳಕ್ಕೂ ಹೊರಕ್ಕೂ ತಿರುಗಿಸಿ. ಬೆರಳ ಕೆಳಗೆ ಒಂದು ಉಬ್ಬು ಉರುಳುತ್ತದೆ, ಅಲ್ವಾ? ಅದು ತೋಳಿನ ಎಲುಬಿನ ತಲೆಯ ಪಕ್ಕದ ಉಬ್ಬು. ನಮ್ಮ ಇಡೀ ಕಥೆ ನಡೆಯುವುದು ಅಲ್ಲೇ.

ಬೆನ್ನಿನ ರೆಕ್ಕೆ ಎಲುಬಿನಿಂದ ನಾಲ್ಕು ಸ್ನಾಯುಗಳು ಹೊರಟು, ತುದಿಯಲ್ಲಿ ಟೆಂಡನ್ ಆಗಿ, ತೋಳಿನ ಎಲುಬಿನ ತಲೆಯನ್ನು ಸುತ್ತಿ ಹಿಡಿದಿರುತ್ತವೆ. ಈ ನಾಲ್ಕನ್ನೂ ಸೇರಿಸಿ ರೊಟೇಟರ್ ಕಫ್ ಅನ್ನುತ್ತೇವೆ. ಕೈ ಎತ್ತಲು, ತಿರುಗಿಸಲು ಇವು ಬೇಕು. ಎಲುಬಿನ ತಲೆ ಗೂಡಿನ ನಡುವೆ ನಿಲ್ಲಲೂ ಇವೇ ಬೇಕು. ನಾಲ್ಕರಲ್ಲಿ ಜಾಸ್ತಿ ಹರಿಯುವುದು ಮೇಲ್ಭಾಗದ್ದು, ಸುಪ್ರಾಸ್ಪೈನೇಟಸ್.

ಲೋಕಲ್ ರೈಲಿನಲ್ಲಿ ನೇತಾಡುವ ಹಿಡಿಯನ್ನು ಹಿಡಿದು ನಿಂತಿದ್ದೀರಿ, ಬ್ರೇಕ್ ಬಿತ್ತು, ಹೆಗಲು ಜಗ್ಗಿತು. ಮನೆಯ ಮಾಳಾದಿಂದ (ಅಟ್ಟದಿಂದ) ಹಿತ್ತಾಳೆ ಪಾತ್ರೆ ಇಳಿಸುವಾಗ ಚುಳಕ್ ಅಂದಿತು. ನಮ್ಮ ಹೋಟೆಲುಗಳಲ್ಲಿ ಇಡೀ ದಿನ ಸಾಂಬಾರಿನ ದೊಡ್ಡ ಪಾತ್ರೆ ಎತ್ತಿ ಇಳಿಸುವವರು ಬಂದು ರಾತ್ರಿ ಮಗ್ಗುಲಾಗಿ ಮಲಗಲು ಆಗುವುದಿಲ್ಲ ಅನ್ನುತ್ತಾರೆ. ಎಷ್ಟೋ ಸಲ ಆ ಒಂದು ಜಗ್ಗುವಿಕೆ ಬರೀ ನೆಪ. ಟೆಂಡನ್ ಅದಕ್ಕೂ ಮುಂಚೆಯೇ ಸವೆದಿರುತ್ತದೆ. ಅಮೆರಿಕದಲ್ಲಿ 2006ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಒಂದು ಭುಜ ನೋಯುತ್ತಿದ್ದವರ ಎರಡೂ ಭುಜಗಳನ್ನು ಸ್ಕ್ಯಾನ್ ಮಾಡಿ ನೋಡಿದರು. ಎಲ್ಲೂ ಹರಿಯದೆ ಇದ್ದವರ ಸರಾಸರಿ ವಯಸ್ಸು ಸುಮಾರು 49, ಒಂದು ಕಡೆ ಹರಿದಿದ್ದವರದು 59, ಎರಡೂ ಕಡೆ ಹರಿದಿದ್ದವರದು 68. ನೋವಿಲ್ಲದ ಭುಜದಲ್ಲೂ ಹರಿದಿತ್ತು ಅನ್ನುವುದನ್ನು ಗಮನಿಸಿ. ಹಾಗಾಗಿ ರಿಪೋರ್ಟಿನಲ್ಲಿ "ಟೇರ್" (ಹರಿದಿದೆ) ಅಂತ ಕಂಡ ಕೂಡಲೇ ಗಾಬರಿ ಬೇಡ. ಎಲ್ಲ ಟೇರ್‌ಗೂ ಆಪರೇಷನ್ ಬೇಕಿಲ್ಲ.

ಬೇಕಾದವರಿಗೆ ಏನು ಮಾಡುತ್ತೇವೆ? ಟೆಂಡನ್ ಅನ್ನು ಅದು ಬಿಟ್ಟುಬಂದ ಜಾಗಕ್ಕೆ ಎಳೆದು ತಂದು ಹೊಲಿಯುತ್ತೇವೆ. ಬಾಸ್ಟನ್‌ನ ಕಾಡ್‌ಮನ್ ಎಂಬ ಸರ್ಜನ್ ಇಂಥ ಎರಡು ಆಪರೇಷನ್‌ಗಳ ವರದಿಯನ್ನು 1911ರಲ್ಲೇ ಪ್ರಕಟಿಸಿದ್ದರು. ಆಗ ಭುಜವನ್ನು ಪೂರ್ತಿ ತೆರೆಯಬೇಕಿತ್ತು. ಈಗ ಸಣ್ಣ ತೂತುಗಳಲ್ಲಿ ಕ್ಯಾಮೆರಾ ಬಿಟ್ಟು, ಎಲುಬಿಗೆ ಆಂಕರ್ ಎಂಬ ಸಣ್ಣ ಮೊಳೆ ಕೂರಿಸಿ, ಅದರ ದಾರದಿಂದ ಟೆಂಡನ್ ಕಟ್ಟುತ್ತೇವೆ. ದಾರ ಗಟ್ಟಿಯಾಗಿದೆ, ಆಂಕರ್ ಗಟ್ಟಿಯಾಗಿದೆ, ಕಟ್ಟುವ ಬಗೆಯೂ ಸುಧಾರಿಸಿದೆ.

ಆದರೂ ಮತ್ತೆ ಹರಿಯುತ್ತದೆ. ಅಮೆರಿಕದ ಒಂದು ತಂಡ 2004ರಲ್ಲಿ ಪ್ರಕಟಿಸಿದ ಲೆಕ್ಕ ನಮ್ಮೆಲ್ಲರ ನಿದ್ದೆ ಕೆಡಿಸಿತು. ದೊಡ್ಡ ಟೇರ್ ಇದ್ದ 18 ಜನರಿಗೆ ಕ್ಯಾಮೆರಾ ಮೂಲಕ ಆಪರೇಷನ್ ಮಾಡಿದ್ದರು. ಆಮೇಲೆ ಸ್ಕ್ಯಾನ್ ಮಾಡಿದರೆ 17 ಜನರಲ್ಲಿ ಮತ್ತೆ ಹರಿದಿತ್ತು. ಮರುವರ್ಷ ಫ್ರಾನ್ಸ್‌ನಿಂದ ಇನ್ನೊಂದು ಲೆಕ್ಕ ಬಂತು. ಸುಪ್ರಾಸ್ಪೈನೇಟಸ್ ಹೊಲಿದ 65 ಜನರಲ್ಲಿ ನೂರಕ್ಕೆ 71ರಷ್ಟು ಮಂದಿಗೆ ಪೂರ್ತಿ ಕೂಡಿಕೊಂಡಿತ್ತು. ಆದರೆ 65 ವರ್ಷ ದಾಟಿದವರನ್ನು ಮಾತ್ರ ತೆಗೆದುಕೊಂಡರೆ ಅದು ಬರೀ 43. ಟೇರ್ ಚಿಕ್ಕದು, ವಯಸ್ಸು ಕಡಿಮೆ ಅಂದರೆ ಫಲಿತಾಂಶ ಚೆನ್ನಾಗಿರುತ್ತದೆ. ಟೇರ್ ದೊಡ್ಡದು, ವಯಸ್ಸೂ ಜಾಸ್ತಿ ಅಂದರೆ ಕಷ್ಟ. ಸಮಾಧಾನದ ಮಾತೂ ಒಂದಿದೆ. ಮತ್ತೆ ಹರಿದವರಲ್ಲೂ ಬಹಳ ಜನಕ್ಕೆ ನೋವು ಮೊದಲಿಗಿಂತ ಕಡಿಮೆಯಾಗಿರುತ್ತದೆ. ಕೈಯ ಶಕ್ತಿ ಪೂರ್ತಿ ಬರಬೇಕಾದರೆ ಮಾತ್ರ ಟೆಂಡನ್ ಕೂಡಿಕೊಂಡಿರಬೇಕು.

ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ, ಇದೇ ಇವತ್ತಿನ ಮುಖ್ಯ ವಿಷಯ. ಟೆಂಡನ್ ಮೆತ್ತಗಿನದು, ಎಲುಬು ಗಟ್ಟಿಯದು. ಇಷ್ಟು ಬೇರೆಯಾದ ಎರಡು ವಸ್ತುಗಳು ನೇರವಾಗಿ ಅಂಟಿಕೊಂಡರೆ ಅಂಟಿದ ಗೆರೆಯಲ್ಲೇ ಕಿತ್ತುಬರುತ್ತವೆ. ಅದಕ್ಕೇ ಹುಟ್ಟಿನಿಂದ ಬಂದ ಆ ಜೋಡಣೆಯಲ್ಲಿ ನಾಲ್ಕು ಪದರಗಳಿವೆ. ಮೊದಲು ಟೆಂಡನ್, ಆಮೇಲೆ ಮೃದ್ವಸ್ಥಿ ಬೆರೆತ ಪದರ, ಆಮೇಲೆ ಸುಣ್ಣದಂಶ ಸೇರಿ ಗಟ್ಟಿಯಾದ ಮೃದ್ವಸ್ಥಿ, ಕೊನೆಗೆ ಎಲುಬು. ಮೆತ್ತಗಿನದು ಹಂತಹಂತವಾಗಿ ಗಟ್ಟಿಯಾಗುತ್ತಾ ಹೋಗುತ್ತದೆ. ಎಳೆತ ಒಂದೇ ಕಡೆ ಬೀಳುವುದಿಲ್ಲ.

ಹರಿದ ಮೇಲೆ ನಾವು ಎಷ್ಟೇ ಚೆನ್ನಾಗಿ ಹೊಲಿದರೂ ಈ ನಾಲ್ಕು ಪದರಗಳನ್ನು ಮೈ ಮತ್ತೆ ಕಟ್ಟುವುದಿಲ್ಲ. ಗಾಯದ ಕಲೆಯಂಥ ಅಂಗಾಂಶ ಕಟ್ಟುತ್ತದೆ. ಮೊದಲ ವಾರ ಉರಿಯೂತ. ಆಮೇಲೆ ಕೆಲವು ವಾರ ಹೊಸ ಜೀವಕೋಶಗಳು ಬಂದು ಅವಸರದಲ್ಲಿ ಕೊಲಾಜೆನ್ ಹಾಕುತ್ತವೆ. ಆ ಕೊಲಾಜೆನ್ ಮೂರನೇ ಬಗೆಯದು, ತೆಳ್ಳಗಿನದು, ಅಡ್ಡಾದಿಡ್ಡಿ. ಅದು ತಿಂಗಳುಗಟ್ಟಲೆ ತೆಗೆದುಕೊಂಡು ಒಂದನೇ ಬಗೆಯ ಗಟ್ಟಿ ಕೊಲಾಜೆನ್ ಆಗಿ, ಎಳೆತದ ದಿಕ್ಕಿಗೆ ಸಾಲಾಗಿ ನಿಲ್ಲಬೇಕು. ಅಷ್ಟರವರೆಗೆ ಭಾರ ಹೊರುವುದು ದಾರ. ಹರಿಯುವವರಲ್ಲಿ ಹೆಚ್ಚಿನವರಿಗೆ ಮೊದಲ ಮೂರರಿಂದ ಆರು ತಿಂಗಳಲ್ಲೇ ಹರಿಯುತ್ತದೆ. ಸಾಮಾನ್ಯವಾಗಿ ದಾರ ತುಂಡಾಗುವುದಿಲ್ಲ. ದಾರ ಹಾಗೇ ಇರುತ್ತದೆ, ಸವೆದ ಟೆಂಡನ್ ಅದರಿಂದ ಸೀಳಿಕೊಂಡು ಹೊರಗೆ ಬರುತ್ತದೆ. ದಾರವನ್ನು ಇನ್ನೂ ಗಟ್ಟಿ ಮಾಡಿ ಪ್ರಯೋಜನವಿಲ್ಲ, ಮಾಯುವ ಕೆಲಸಕ್ಕೇ ನೆರವು ಬೇಕು ಅನ್ನುವ ಯೋಚನೆ ಬಂದದ್ದು ಹೀಗೆ.

ಆ ನೆರವುಗಳಲ್ಲಿ ನೀವು ಜಾಸ್ತಿ ಕೇಳಿರುವುದು ಪಿಆರ್‌ಪಿ. ಮುಂಬೈಯಲ್ಲಿ ಪ್ಲೇಟ್‌ಲೆಟ್ ಅಂದರೆ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಪ್ರತಿ ಮಳೆಗಾಲ ಡೆಂಗಿ ಬಂದಾಗ ಮನೆಮನೆಯಲ್ಲೂ ಅದರದ್ದೇ ಲೆಕ್ಕ. ರಕ್ತದ ಒಂದು ಮೈಕ್ರೋಲೀಟರಿನಲ್ಲಿ ಒಂದೂವರೆಯಿಂದ ನಾಲ್ಕೂವರೆ ಲಕ್ಷ ಇರುತ್ತವೆ. ಇವು ರಕ್ತ ಹೆಪ್ಪುಗಟ್ಟಿಸುವುದು ಮಾತ್ರವಲ್ಲ, ಒಡೆದಾಗ ಬೆಳವಣಿಗೆಗೆ ನೆರವಾಗುವ ಪ್ರೋಟೀನುಗಳನ್ನೂ ಬಿಡುತ್ತವೆ. ಅವು ಹೊಸ ಕೋಶಗಳನ್ನು ಕರೆಯುತ್ತವೆ, ಹೊಸ ರಕ್ತನಾಳ ಮೂಡಿಸುತ್ತವೆ. ಪಿಆರ್‌ಪಿ ತಯಾರಿಸುವುದು ಕಷ್ಟವಲ್ಲ. ನಿಮ್ಮ ತೋಳಿನಿಂದಲೇ ರಕ್ತ ತೆಗೆದು, ಟ್ಯೂಬಿಗೆ ಹಾಕಿ, ಯಂತ್ರದಲ್ಲಿ ಗಿರ್ರನೆ ತಿರುಗಿಸುತ್ತೇವೆ. ಹೊರಗೆ ತೆಗೆದರೆ ತಳದಲ್ಲಿ ಕೆಂಪು ಕಣಗಳು, ಮೇಲೆ ಒಣಹುಲ್ಲಿನ ಬಣ್ಣದ ಪ್ಲಾಸ್ಮಾ, ಎರಡರ ನಡುವೆ ಉಗುರಿನ ಅಂಚಿನಷ್ಟು ತೆಳ್ಳಗಿನ ಬಿಳಿ ಗೆರೆ. ಬಿಳಿ ರಕ್ತಕಣ ಇರುವುದು ಆ ಗೆರೆಯಲ್ಲಿ. ಪ್ಲೇಟ್‌ಲೆಟ್ ದಟ್ಟವಾಗಿರುವುದು ಅಲ್ಲಿ ಮತ್ತು ಅದರ ಮೇಲಂಚಿನಲ್ಲಿ. ಎಷ್ಟು ಎಳೆದುಕೊಳ್ಳುತ್ತೀರಿ, ಬಿಳಿ ಕಣ ಸೇರಿಸುತ್ತೀರೋ ಬಿಡುತ್ತೀರೋ, ಎಷ್ಟು ಸಲ ತಿರುಗಿಸುತ್ತೀರಿ, ಇದರ ಮೇಲೆ ಮದ್ದೇ ಬೇರೆಯಾಗುತ್ತದೆ. ಒಂದು ಕ್ಲಿನಿಕ್‌ನ ಪಿಆರ್‌ಪಿ ಇನ್ನೊಂದು ಕ್ಲಿನಿಕ್‌ನದಲ್ಲ.

ಅದಕ್ಕೇ ಫಲಿತಾಂಶಗಳೂ ಒಂದೇ ಥರ ಇಲ್ಲ. ಇಟಲಿಯಲ್ಲಿ 88 ಜನರ ಮೇಲೆ ಪ್ರಯೋಗ ನಡೆಯಿತು, 2011ರಲ್ಲಿ ಪ್ರಕಟವಾಯಿತು. ಚಿಕ್ಕ, ಮಧ್ಯಮ ಟೇರ್‌ಗಳಲ್ಲಿ ಪ್ಲೇಟ್‌ಲೆಟ್ ತುಂಬಿದ ಹೆಪ್ಪನ್ನು ಇಟ್ಟು ಹೊಲಿದರೂ ಹೇಳಿಕೊಳ್ಳುವ ಲಾಭ ಕಾಣಲಿಲ್ಲ. 2012ರಲ್ಲಿ ಅಮೆರಿಕದ ಪ್ರಯೋಗವೂ ಅಂಥದೇ ಹೆಪ್ಪಿನಿಂದ ಪ್ರಯೋಜನ ಇಲ್ಲ ಎಂದಿತು. 2013ರಲ್ಲಿ ದಕ್ಷಿಣ ಕೊರಿಯಾದ ತಂಡ ದೊಡ್ಡ ಟೇರ್ ಇದ್ದ 48 ಜನರನ್ನು ಆರಿಸಿಕೊಂಡಿತು. ಅಲ್ಲಿ ಪಿಆರ್‌ಪಿ ಜೆಲ್ ಹಾಕಿದವರಲ್ಲಿ ನೂರಕ್ಕೆ 20ರಷ್ಟು, ಹಾಕದವರಲ್ಲಿ 56ರಷ್ಟು ಮತ್ತೆ ಹರಿದಿತ್ತು. ಒಟ್ಟು ನೋಡಿದರೆ ಹೆಪ್ಪಿನ ರೂಪಕ್ಕಿಂತ ದ್ರವ ರೂಪದ, ಸರಿಯಾಗಿ ತಯಾರಿಸಿದ ಪಿಆರ್‌ಪಿಯಿಂದ ಮತ್ತೆ ಹರಿಯುವುದು ಸ್ವಲ್ಪ ಕಡಿಮೆಯಾಗಬಹುದು ಅನ್ನುವ ಕಡೆಗೆ ಸಾಕ್ಷ್ಯ ವಾಲುತ್ತಿದೆ. ಎಲ್ಲರಿಗೂ ಹಾಕಲೇಬೇಕು ಅನ್ನುವಷ್ಟು ಗಟ್ಟಿ ಸಾಕ್ಷ್ಯ ಅಲ್ಲ. "ಪಿಆರ್‌ಪಿ ಹಾಕಿದರೆ ಗ್ಯಾರಂಟಿ" ಅಂತ ಯಾರಾದರೂ ಅಂದರೆ ಅದು ಸುಳ್ಳು.

ಇನ್ನೊಂದು ಉಪಾಯ ನನಗೆ ತುಂಬ ಇಷ್ಟ. ಅದಕ್ಕೆ ಹೆಚ್ಚು ಖರ್ಚೇ ಇಲ್ಲ. ಟೆಂಡನ್ ಕೂರಬೇಕಾದ ಎಲುಬಿನ ಜಾಗದಲ್ಲಿ ಸಣ್ಣ ಸಣ್ಣ ತೂತು ಕೊರೆಯುತ್ತೇವೆ, ಅಷ್ಟೇ. ಆಪರೇಷನ್ ನಡೆಯುವಾಗ ಭುಜದೊಳಗೆ ನೀರು ಹರಿಯುತ್ತಿರುತ್ತದೆ. ತೂತು ಕೊರೆದು ಆ ನೀರಿನ ಒತ್ತಡ ಇಳಿಸಿದರೆ ಪರದೆಯ ಮೇಲೆ ಚೆನ್ನಾಗಿ ಕಾಣುತ್ತದೆ. ಒಂದೊಂದು ತೂತಿನಿಂದಲೂ ರಕ್ತ ಒಸರುತ್ತದೆ, ಜೊತೆಗೆ ಮಜ್ಜೆಯ ಹಳದಿ ಕೊಬ್ಬಿನ ಹನಿಗಳು ತೇಲಿ ಬರುತ್ತವೆ. ಆ ಮಜ್ಜೆಯಲ್ಲಿ ಪ್ಲೇಟ್‌ಲೆಟ್ ಇದೆ, ಬೆಳವಣಿಗೆಯ ಪ್ರೋಟೀನ್ ಇದೆ, ಅಲ್ಪಸ್ವಲ್ಪ ಸ್ಟೆಮ್ ಸೆಲ್ಲೂ ಇದೆ. ಕೊರಿಯಾದಲ್ಲಿ 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಹೀಗೆ ಮಾಡಿದವರಲ್ಲಿ ಮತ್ತೆ ಹರಿದದ್ದು ನೂರಕ್ಕೆ 22, ಮಾಡದವರಲ್ಲಿ 45. ಅದೇ ವರ್ಷದ ಇಟಲಿಯ ಪ್ರಯೋಗದಲ್ಲಿ ದೊಡ್ಡ ಟೇರ್‌ಗಳಲ್ಲಿ ಮಾತ್ರ ಲಾಭ ಕಂಡಿತು. ಸರ್ಕಾರಿ ಆಸ್ಪತ್ರೆಯಲ್ಲೂ ಮಾಡಬಹುದಾದ ಕೆಲಸ ಇದು. ಇದನ್ನು ಯಾರೂ ಜಾಹೀರಾತು ಮಾಡುವುದಿಲ್ಲ, ಮಾರಲು ಬಾಟಲಿ ಇಲ್ಲವಲ್ಲ.

ಸ್ಟೆಮ್ ಸೆಲ್ ವಿಷಯಕ್ಕೆ ಬರೋಣ. ಸೊಂಟದ ಎಲುಬಿನಿಂದ ಮಜ್ಜೆ ಎಳೆದು, ದಟ್ಟ ಮಾಡಿ, ಹೊಲಿದ ಜಾಗಕ್ಕೆ ಚುಚ್ಚುವ ಪದ್ಧತಿ ಇದೆ. ಫ್ರಾನ್ಸ್‌ನ ಹೆರ್ನಿಗೂ ಎಂಬ ಸರ್ಜನ್ 2014ರಲ್ಲಿ ಹತ್ತು ವರ್ಷಗಳ ಲೆಕ್ಕ ಕೊಟ್ಟರು. ಮಜ್ಜೆ ಹಾಕಿದ 45 ಜನರಲ್ಲಿ ಆರು ತಿಂಗಳಿಗೆ ಎಲ್ಲರಿಗೂ ಕೂಡಿತ್ತು, ಹಾಕದ 45 ಜನರಲ್ಲಿ ಕೂಡಿದ್ದು ನೂರಕ್ಕೆ 67ರಷ್ಟು. ಹತ್ತು ವರ್ಷಕ್ಕೆ ಮೊದಲ ಗುಂಪಿನಲ್ಲಿ ನೂರಕ್ಕೆ 87ರಷ್ಟು ಗಟ್ಟಿಯಾಗಿ ಉಳಿದಿತ್ತು, ಎರಡನೆಯದರಲ್ಲಿ 44. ಅಂಕಿ ನೋಡಿದರೆ ಆಸೆ ಹುಟ್ಟುತ್ತದೆ. ಆದರೆ ಇದು ಚೀಟಿ ಎತ್ತಿ ಗುಂಪು ಮಾಡಿದ ಪ್ರಯೋಗವಲ್ಲ, ಹೊಂದುವವರನ್ನು ಜೋಡಿ ಮಾಡಿ ಹೋಲಿಸಿದ್ದು. ಜೊತೆಗೆ, ಹೀಗೆ ತೆಗೆದ ಮಜ್ಜೆಯಲ್ಲಿ ನಿಜವಾದ ಸ್ಟೆಮ್ ಸೆಲ್ ಸಿಗುವುದು ಹತ್ತು ಸಾವಿರ ಕೋಶಗಳಲ್ಲಿ ಒಂದು, ಕೆಲವೊಮ್ಮೆ ಅದೂ ಇಲ್ಲ.

ನಮ್ಮ ದೇಶದಲ್ಲಿ ಇದಕ್ಕೆ ನಿಯಮ ಇದೆ ಅನ್ನುವುದು ಬಹಳ ಜನಕ್ಕೆ ಗೊತ್ತಿಲ್ಲ. ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಮತ್ತು ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ 2017ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ, ರಕ್ತದ ಕೆಲವು ಕಾಯಿಲೆಗಳಂಥ ಒಪ್ಪಿಗೆ ಪಡೆದ ಬಳಕೆ ಬಿಟ್ಟರೆ ಸ್ಟೆಮ್ ಸೆಲ್ ಅನ್ನು ಮಾಮೂಲಿ ಚಿಕಿತ್ಸೆಯಾಗಿ ಕೊಡುವ ಹಾಗಿಲ್ಲ. ಅನುಮತಿ ಪಡೆದ ಕ್ಲಿನಿಕಲ್ ಟ್ರಯಲ್‌ನಲ್ಲಿ, ಅಂದರೆ ಜನರ ಮೇಲೆ ನಡೆಸುವ ಪ್ರಯೋಗದಲ್ಲಿ ಮಾತ್ರ ಕೊಡಬಹುದು. ಟ್ರಯಲ್‌ಗೆ ಸೇರಿದವರಿಂದ ಅದಕ್ಕೆ ಹಣ ತೆಗೆದುಕೊಳ್ಳುವ ಹಾಗೂ ಇಲ್ಲ. ಯಾರಾದರೂ ಭುಜಕ್ಕೆ ಸ್ಟೆಮ್ ಸೆಲ್ ಪ್ಯಾಕೇಜ್ ಅಂತ ಲಕ್ಷದ ಲೆಕ್ಕದಲ್ಲಿ ಮಾತಾಡಿದರೆ ಟ್ರಯಲ್ ನೋಂದಣಿ ಆಗಿದೆಯಾ ಅಂತ ಕೇಳಿ. ಸಂಕೋಚ ಬೇಡ. ಮಗಳ ಮದುವೆಗೆ ಅಂತ ಇಟ್ಟ ಹಣ ಹೀಗೆ ಕರಗುವುದನ್ನು ಕಂಡರೆ ನನಗೆ ತುಂಬ ಸಂಕಟ ಆಗುತ್ತದೆ.

ಪಟ್ಟಿಗಳ ಕಥೆ ಇನ್ನೂ ರೋಚಕ. ಹಂದಿಯ ಸಣ್ಣ ಕರುಳಿನಿಂದ ತಯಾರಿಸಿದ ಪಟ್ಟಿಯನ್ನು ಮೊದಲು ಪ್ರಯೋಗ ಮಾಡಿದರು. 2006ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಪಟ್ಟಿ ಹಾಕಿದ 15 ಭುಜಗಳಲ್ಲಿ ಕೂಡಿದ್ದು 4, ಹಾಕದ 15ರಲ್ಲಿ 9! ಹಾಕಿದ್ದೇ ಕೆಟ್ಟಿತು. ಹೊಸದೆಲ್ಲ ಒಳ್ಳೆಯದು ಅಂದುಕೊಳ್ಳುವವರು ಈ ಲೆಕ್ಕವನ್ನು ನೆನಪಿಡಬೇಕು. ಈಗ ಬಳಕೆಯಲ್ಲಿರುವುದು ದನದ ಹಿಮ್ಮಡಿ ಟೆಂಡನ್‌ನಿಂದ ತೆಗೆದು ಶುದ್ಧ ಮಾಡಿದ ಕೊಲಾಜೆನ್‌ನ ತೆಳು ಹಾಳೆ. ಅಮೆರಿಕದಲ್ಲಿ 2014ರಲ್ಲಿ ಇದಕ್ಕೆ ಅನುಮತಿ ಸಿಕ್ಕಿತು. ಹೊಲಿದ ಟೆಂಡನ್ ಮೇಲೆ ಇದನ್ನು ಹಾಸಿ ಸಣ್ಣ ಪಿನ್ನುಗಳಿಂದ ಕೂರಿಸುತ್ತಾರೆ. ಹಾಳೆಗೆ ಭಾರ ಹೊರುವ ಶಕ್ತಿ ಇಲ್ಲ. ಮಲ್ಲಿಗೆ ಬಳ್ಳಿಗೆ ಹಂದರ ಇದ್ದ ಹಾಗೆ, ನಮ್ಮ ಕೋಶಗಳು ಅದರ ಮೇಲೆ ಹಬ್ಬಿ ಹೊಸ ಅಂಗಾಂಶ ಕಟ್ಟುತ್ತವೆ. ಕೆಲವು ತಿಂಗಳಲ್ಲಿ ಹಾಳೆ ಕರಗಿಹೋಗಿ, ಟೆಂಡನ್ ಮೊದಲಿಗಿಂತ ದಪ್ಪಗಾಗಿರುತ್ತದೆ. ಸ್ಪೇನ್‌ನಲ್ಲಿ 124 ಜನರ ಮೇಲೆ ನಡೆದ ಪ್ರಯೋಗದಲ್ಲಿ ಒಂದು ವರ್ಷಕ್ಕೆ ಮತ್ತೆ ಹರಿದದ್ದು ಹಾಳೆ ಹಾಕಿದವರಲ್ಲಿ ನೂರಕ್ಕೆ ಸುಮಾರು 8, ಹಾಕದವರಲ್ಲಿ 26. ನೋವು, ಕೈಯ ಕೆಲಸ ಇವುಗಳಲ್ಲಿ ಮಾತ್ರ ಎರಡೂ ಗುಂಪಿಗೆ ದೊಡ್ಡ ವ್ಯತ್ಯಾಸ ಇರಲಿಲ್ಲ. ನನ್ನ ಲೆಕ್ಕದಲ್ಲಿ ಸದ್ಯಕ್ಕೆ ಇರುವವುಗಳಲ್ಲಿ ಹೆಚ್ಚು ಭರವಸೆ ಹುಟ್ಟಿಸುವುದು ಇದೇ. ಆದರೆ ಬೆಲೆ ಜಾಸ್ತಿ.

ಇನ್ನೊಂದು ಮಾತನ್ನು ಡಾಕ್ಟರುಗಳು ಹೇಳಲೇಬೇಕು. ದನದ ಅಥವಾ ಹಂದಿಯ ಅಂಶ ತನ್ನ ಮೈಗೆ ಬೇಡ ಅನ್ನುವವರು ನಮ್ಮಲ್ಲಿ ಇದ್ದಾರೆ. ಅದು ಅವರವರ ನಂಬಿಕೆ. ಅರಿವಳಿಕೆ ಕೊಟ್ಟ ಮೇಲೆ ತೀರ್ಮಾನ ಮಾಡುವ ವಿಷಯ ಇದಲ್ಲ. ಸಹಿ ಹಾಕುವ ಮೊದಲೇ ಕೇಳಿ, ಮೊದಲೇ ಹೇಳಿ.

ಈಗ ನಾನು ಹೇಳಲು ಬಂದ ಅಸಲು ವಿಷಯ. ಮಾಯುವುದಕ್ಕೆ ನೆರವು ಅಂದ ಕೂಡಲೇ ಎಲ್ಲರ ಕಣ್ಣು ಸಿರಿಂಜಿನ ಮೇಲೆ ಹೋಗುತ್ತದೆ. ಕೊರಿಯಾದ ಇನ್ನೊಂದು ತಂಡ 2015ರಲ್ಲಿ ಕೊಟ್ಟ ಲೆಕ್ಕ ನೋಡಿ. ಆಪರೇಷನ್ ಆದವರಲ್ಲಿ ಶುಗರ್ ಇಲ್ಲದವರಿಗೆ ಮತ್ತೆ ಹರಿದದ್ದು ನೂರಕ್ಕೆ ಸುಮಾರು 14. ಶುಗರ್ ಇದ್ದೂ ಹಿಡಿತದಲ್ಲಿದ್ದವರಿಗೆ 26. ಹಿಡಿತದಲ್ಲಿ ಇಲ್ಲದವರಿಗೆ 43. ಇದು ಜನರನ್ನು ಗಮನಿಸಿ ಹೇಳಿದ ಲೆಕ್ಕ, ಪ್ರಯೋಗವಲ್ಲ, ಒಪ್ಪುತ್ತೇನೆ. ಆದರೂ 43ಕ್ಕೂ 26ಕ್ಕೂ ಇರುವ ಅಂತರ ನೋಡಿ. ದುಬಾರಿ ಪಟ್ಟಿ ಕೊಡುವ ಅಂತರವೂ ಸರಿಸುಮಾರು ಇಷ್ಟೇ. ಶುಗರ್ ಜಾಸ್ತಿ ಇದ್ದರೆ ಸಣ್ಣ ರಕ್ತನಾಳ ಕೆಡುತ್ತವೆ, ಕೊಲಾಜೆನ್ ಬಿರುಸಾಗುತ್ತದೆ, ಗಾಯ ಮಾಯುವುದು ತಡವಾಗುತ್ತದೆ. ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಲೆಕ್ಕ) ಇಳಿಸಿಕೊಂಡು ಬನ್ನಿ, ಆಮೇಲೆ ಆಪರೇಷನ್ ಮಾಡೋಣ ಅಂತ ಡಾಕ್ಟರು ಕಳಿಸಿದರೆ ಸಿಟ್ಟು ಮಾಡಬೇಡಿ. ಅವರು ಮಾಡುತ್ತಿರುವುದೂ ಚಿಕಿತ್ಸೆಯೇ.

ತಂಬಾಕು ಕೂಡ ಹೀಗೇ. ನಿಕೋಟಿನ್ ರಕ್ತನಾಳಗಳನ್ನು ಬಿಗಿಯುತ್ತದೆ, ಟೆಂಡನ್ ತುದಿಗೆ ಮೊದಲೇ ರಕ್ತ ಕಡಿಮೆ. ಬೀಡಿ, ಸಿಗರೇಟು ಬಿಟ್ಟೆ ಅನ್ನುವವರು ಗುಟ್ಕಾ ಲೆಕ್ಕಕ್ಕೆ ಹಿಡಿಯುವುದಿಲ್ಲ. ಮಹಾರಾಷ್ಟ್ರದಲ್ಲಿ ಹೆಂಗಸರು ಹಲ್ಲುಜ್ಜುವ ಮಶೇರಿಯನ್ನಂತೂ ಯಾರೂ ತಂಬಾಕು ಅಂದುಕೊಳ್ಳುವುದೇ ಇಲ್ಲ. ಸುಟ್ಟ ತಂಬಾಕು ಅದು. ಡಾಕ್ಟರು ಸುಮ್ನೆ "ಸಿಗರೇಟು ಸೇದ್ತೀರಾ?" ಅಂತ ಕೇಳಿದರೆ ಆ ತಾಯಿ ಇಲ್ಲ ಅನ್ನುತ್ತಾಳೆ. ಮಶೇರಿ ಉಜ್ಜುತ್ತೀರಾ ಅಂತ ಬಿಡಿಸಿ ಕೇಳಬೇಕು.

ಬೆಲ್ಟ್ ವಿಷಯ ಚಿಕ್ಕದಾಗಿ. ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ. ನೋವು ಮೂರನೇ ವಾರಕ್ಕೇ ಇಳಿಯುತ್ತದೆ, ಆಗಲೇ ಕೈ ಚಾಚುವ ಆಸೆ. ನೋವು ಇಳಿಯಿತು ಅಂದರೆ ಕೂಡಿತು ಅಂತಲ್ಲ. ಆ ಹೊತ್ತಿನಲ್ಲಿ ಅಲ್ಲಿರುವುದು ಇನ್ನೂ ಎಳೆ ಕೊಲಾಜೆನ್. ಲೋಕಲ್ ರೈಲಿನ ಹಿಡಿಗೆ ಆ ಕೈ ಹಾಕುವುದು ತಿಂಗಳುಗಳ ಮಾತು, ವಾರಗಳದ್ದಲ್ಲ.

ಇನ್ನು ನಿಮ್ಮ ಪ್ರಶ್ನೆಗಳು.

"ಆಪರೇಷನ್‌ಗೆ ಮುಂಚೆ ನೋವಿಗೆ ಸ್ಟೀರಾಯ್ಡ್ ಇಂಜೆಕ್ಷನ್ ತಗೊಂಡಿದ್ದೀನಿ, ತೊಂದರೆಯಾ?" ಅಂತ ಒಬ್ಬರು ಕೇಳಿದರು. ಒಂದು ಇಂಜೆಕ್ಷನ್‌ನಿಂದ ಗಾಬರಿ ಬೇಡ. ಆದರೆ ಕೊನೆಯ ಇಂಜೆಕ್ಷನ್ ಆಗಿ ಒಂದು ತಿಂಗಳ ಒಳಗೇ ಆಪರೇಷನ್ ಮಾಡಿಸಿಕೊಂಡರೆ ಸೋಂಕಿನ ಅಪಾಯ ಜಾಸ್ತಿ. ಮೇಲಿಂದ ಮೇಲೆ ಚುಚ್ಚಿಸಿಕೊಂಡರೆ ಟೆಂಡನ್ ಸೊರಗುತ್ತದೆ. ಯಾವಾಗ, ಎಷ್ಟು ಸಲ ತೆಗೆದುಕೊಂಡಿರಿ ಅಂತ ಸರ್ಜನ್‌ಗೆ ಹೇಳಿಬಿಡಿ.

"ನಮ್ಮ ಅಮ್ಮನಿಗೆ ಎಪ್ಪತ್ತು ದಾಟಿದೆ. ಬೀಳಲಿಲ್ಲ, ಏನೂ ಇಲ್ಲ, ತಾನಾಗಿ ನೋವು ಶುರುವಾಯ್ತು. ಎಂಆರ್‌ಐನಲ್ಲಿ ಪೂರ್ತಿ ಟೇರ್ ಅಂತ ಇದೆ." ಅಂಥವರಿಗೆ ಮೊದಲು ಫಿಸಿಯೋಥೆರಪಿ. ಅಮೆರಿಕದಲ್ಲಿ 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಹೀಗೆ ಪೆಟ್ಟಿಲ್ಲದೆ ಹರಿದವರಿಗೆ ವ್ಯಾಯಾಮದಿಂದ ಶುರು ಮಾಡಿದರು. ಎರಡು ವರ್ಷದಲ್ಲಿ ಆಪರೇಷನ್‌ಗೆ ಹೋದವರು ನಾಲ್ಕರಲ್ಲಿ ಒಬ್ಬರಿಗಿಂತ ಕಡಿಮೆ. ಬಿದ್ದು ಒಮ್ಮೆಗೇ ಕೈ ಎತ್ತಲಾಗದೆ ಹೋದವರ ವಿಷಯ ಬೇರೆ. ಅವರು ಕಾಯಬಾರದು. ಕಾದಷ್ಟೂ ಸ್ನಾಯುವಿನಲ್ಲಿ ಕೊಬ್ಬು ಸೇರುತ್ತದೆ, ಆಮೇಲೆ ಹೊಲಿದರೂ ಅದು ಸ್ನಾಯುವಾಗಿ ತಿರುಗಿ ಬರುವುದು ಕಷ್ಟ.

ಕೊನೆಗೆ ಹೋಟೆಲಿನಲ್ಲಿ ಕೆಲಸ ಮಾಡುವ ಯುವಕರೊಬ್ಬರು ಅಂಗಡಿಯಲ್ಲಿ ಸಿಗುವ ಕೊಲಾಜೆನ್ ಪುಡಿ ಕುಡಿದರೆ ಆಗುತ್ತಾ ಅಂತ ಕೇಳಿದರು. ಹೊಟ್ಟೆಗೆ ಹೋದ ಕೊಲಾಜೆನ್ ಕೂಡ ಉಳಿದ ಪ್ರೋಟೀನಿನಂತೆ ಜೀರ್ಣವಾಗುತ್ತದೆ. ಅದು ನೇರವಾಗಿ ಭುಜಕ್ಕೆ ಹೋಗಿ ಅಂಟಿಕೊಳ್ಳುವುದಿಲ್ಲ. ಆಪರೇಷನ್ ಆದ ಟೆಂಡನ್ ಅದರಿಂದ ಬೇಗ ಕೂಡುತ್ತದೆ ಅನ್ನಲು ಗಟ್ಟಿ ಆಧಾರ ಇಲ್ಲ. ಪ್ರೋಟೀನ್ ಮಾತ್ರ ಬೇಕೇ ಬೇಕು. ಬೇಳೆ, ಕಾಳು, ಮೊಸರು, ತಿನ್ನುವವರಾದರೆ ಮೊಟ್ಟೆ, ಮೀನು. ಇಡೀ ದಿನ ಬರೀ ಚಹಾ, ಬನ್ನಿನಲ್ಲಿ ಕಳೆಯಬೇಡಿ ಅಂತ ಅವರಿಗೆ ಹೇಳಿದೆ. ಪುಡಿಯ ದುಡ್ಡನ್ನು ಫಿಸಿಯೋಗೆ ಇಡಿ, ಬೆಲ್ಟ್ ಬಿಚ್ಚಿದ ಮೇಲೂ ಮೂರು ತಿಂಗಳು ಪಾತ್ರೆ ಎತ್ತಬೇಡಿ, ಅಷ್ಟು ದಿನ ಗಲ್ಲಾದಲ್ಲಿ ಕೂರಿಸಿ ಅಂತ ಮಾಲೀಕರಿಗೆ ಬೇಕಾದರೆ ನಾನೇ ಚೀಟಿ ಬರೆದುಕೊಡುತ್ತೇನೆ ಅಂತಲೂ ಹೇಳಿದೆ.